ಗೌರಾಬಾಯಿ ಆರಿಸಿದ ಲಾರಿ

ಜುಗೂಳದಲ್ಲಿ ಎಮ್ಮೆ ಕೊಳ್ಳಲು ಹೊರಟವರು ಮೊದಲು ಗೌರಾಬಾಯಿಯ ಅಂಗಳಕ್ಕೆ ಬಂದು ಹೋಗುತ್ತಿದ್ದರು. ಅವಳು ಜೊತೆಗೆ ಬರುವುದಾದರೆ ಈ ವಾರದ ಸಂತೆ, ಇಲ್ಲವಾದರೆ ಮುಂದಿನ ವಾರದ್ದು. ಕರೋಶಿಯ ತವರಿನಲ್ಲಿ ದನಗಳ ನಡುವೆಯೇ ಆಡಿ ಬೆಳೆದ ಹೆಣ್ಣುಮಗಳು ಅವಳು. ಕೆಚ್ಚಲಿಗೆ ಕೈ ಹಾಕುವ ಮೊದಲು ಮಾರುವವನ ಮನೆಯ ಮಕ್ಕಳು ಎಮ್ಮೆಯ ಹತ್ತಿರ ಸುಳಿಯುತ್ತಾರೋ ಇಲ್ಲವೋ ಎಂದು ನೋಡುತ್ತಿದ್ದಳು. ಮಕ್ಕಳು ದೂರ ನಿಂತಿದ್ದರೆ, “ಇದು ಒದೀತೈತಿ, ನಡೀರಿ” ಎಂದು ಸೆರಗು ಸಿಕ್ಕಿಸಿಕೊಂಡು ಹೊರಟೇಬಿಡುತ್ತಿದ್ದಳು. ಸಂತೆಯ ದಲ್ಲಾಳಿಗಳು ಅವಳು ಬರುವುದು ಕಂಡರೆ ಬೀಡಿ ಆರಿಸಿ ಎದ್ದು ನಿಲ್ಲುತ್ತಿದ್ದರು. ಅದರಲ್ಲಿ ಗೌರವವೂ ಇತ್ತು, ಒಳಗೊಳಗೇ ಹೊಟ್ಟೆಯುರಿಯೂ ಇತ್ತು.

ಇಂಥವಳಿಗೆ ಗಂಡನನ್ನು ಮಾತ್ರ ಹಿರಿಯರೇ ಆರಿಸಿದ್ದರು. ಅದರ ಬಗ್ಗೆ ಅವಳದೇನೂ ತಕರಾರಿರಲಿಲ್ಲ. ಖರೇ ಹೇಳಬೇಕೆಂದರೆ, ತಾನೇ ಆರಿಸಿದ್ದರೂ ಬಾಬಾಸಾಹೇಬನನ್ನೇ ಆರಿಸುತ್ತಿದ್ದಳು. ಗಿಡ್ಡ ಆಳು, ಅಗಲ ಎದೆ, ನಕ್ಕರೆ ಭುಜಗಳೆರಡೂ ಕುಣಿಯುತ್ತಿದ್ದವು. ಊಟಕ್ಕೆ ಕೂತರೆ ರೊಟ್ಟಿ ಬಡಿದವಳನ್ನು ಹೊಗಳದೆ ಏಳುತ್ತಿರಲಿಲ್ಲ. ತೊಂದರೆ ಒಂದೇ, ಆ ನಗು ಮನೆಯಲ್ಲಿ ಕೇಳುತ್ತಿದ್ದದ್ದು ಮಳೆಗಾಲದಲ್ಲಷ್ಟೆ.

ಯಾಕೆಂದರೆ ಬಾಬಾಸಾಹೇಬನ ಹತ್ತಿರ ಒಂದು ಚೈನ್ ಗಾಡಿ ಇತ್ತು. ಟೈರುಗಳ ಬದಲು ಎರಡೂ ಬದಿಗೆ ಉಕ್ಕಿನ ಪಟ್ಟಿಗಳ ಸರಪಳಿ, ಮುಂದೆ ಮಣ್ಣು ತಳ್ಳುವ ಬ್ಲೇಡು, ಆಚೆ ಊರಿಗೂ ಕೇಳುವ ಸದ್ದು. ಆ ಗಾಡಿ ದಿಬ್ಬ ಕಡಿದು, ತಗ್ಗು ತುಂಬಿ, ಹೊಲವನ್ನು ತಾಟಿನ ಹಾಗೆ ಸಪಾಟು ಮಾಡಿಕೊಟ್ಟರೆ ರೈತ ಅದಕ್ಕೆ ಹೊಳೆಯ ನೀರು ಏರಿಸಿ ಕಬ್ಬು ಹಚ್ಚುತ್ತಿದ್ದ. ಎಂಬತ್ತರ ದಶಕದಲ್ಲಿ ಕೃಷ್ಣೆಯ ಎರಡೂ ದಂಡೆಗೆ ಕಬ್ಬಿನ ಹುಚ್ಚು ಹಿಡಿದಿತ್ತು. ರಾಯಬಾಗ, ಅಥಣಿ, ಚಿಕ್ಕೋಡಿ, ಎಲ್ಲ ಕಡೆಯಿಂದಲೂ ಬಾಬಾಸಾಹೇಬನಿಗೆ ಕರೆ. ಮೂರು ತಾಲ್ಲೂಕಿನ ಜನ ಅವನನ್ನು ಕರೆಯುತ್ತಿದ್ದದ್ದೇ “ಡ್ರೈವರ್ ಬಾಬಾಸಾಹೇಬ” ಎಂದು.

ಆದರೆ ಚೈನ್ ಗಾಡಿಗೂ ಡಾಂಬರಿಗೂ ಆಗಿಬರುತ್ತಿರಲಿಲ್ಲ. ರಸ್ತೆಗೆ ಹತ್ತಿದರೆ ಉಕ್ಕಿನ ಪಟ್ಟಿಗಳು ಡಾಂಬರನ್ನು ಹೋಳಿಗೆಯ ಹಾಗೆ ಮಡಚಿಬಿಡುತ್ತಿದ್ದವು. ರಸ್ತೆ ದಾಟಲೇಬೇಕಾದರೆ ಹಳೆಯ ಟೈರು ಹಾಸಿ, ದಾಟಿದ ಟೈರನ್ನು ಎತ್ತಿ ಮತ್ತೆ ಮುಂದೆ ಹಾಸಿ, ಅದರ ಮೇಲೆ ನಡೆಸಬೇಕಿತ್ತು. ಹೀಗಾಗಿ ಗಾಡಿ ಬಂಡಿದಾರಿ ಹಿಡಿದು, ಹೊಲದಿಂದ ಹೊಲಕ್ಕೆ ಎಮ್ಮೆಯ ನಡಿಗೆಯಲ್ಲಿ ಹೋಗುತ್ತಿತ್ತು. ದೀಪಾವಳಿ ಮುಗಿಸಿ ಹೊರಟ ಬಾಬಾಸಾಹೇಬ ತಿರುಗಿ ಬರುತ್ತಿದ್ದದ್ದು ಮುಂಗಾರು ಹಿಡಿಯುವ ಮಿರುಗದ ಮಳೆಗೆ. ನಡುವೆ ಯುಗಾದಿಗೆ ಬಸ್ಸಿನಲ್ಲಿ ಬೀಗರ ಹಾಗೆ ಬಂದು, ತಲೆಗೆ ಎಣ್ಣೆ ಹಚ್ಚಿಸಿಕೊಂಡು, ಉಂಡು, ಮಲಗಿ, ಮರುದಿನ ಹೊರಟುಬಿಡುತ್ತಿದ್ದ.

ಗೌರಾಬಾಯಿಗೆ ಬೇಕಾಗಿದ್ದದ್ದು ಬಂಗಾರವಲ್ಲ, ಸೀರೆಯಲ್ಲ. ಗಂಡನ ಜೊತೆ ಇರಬೇಕು, ಅಷ್ಟೆ. ಮಗಳು ಸುಂದರಾಳನ್ನು ರಾಯಬಾಗಕ್ಕೆ ಕೊಟ್ಟಾಗಿತ್ತು. ಮನೆಯಲ್ಲಿ ಮೈದುನನ ಸಂಸಾರ ತುಂಬಿತ್ತು, ಕೆಲಸಕ್ಕೆ ಕೈಗಳಿದ್ದವು. ಅವನು ಯಾವ ಹೊಲದಲ್ಲಿ ಮಲಗಿದ್ದಾನೋ, ಯಾರ ಮನೆಯ ತಂಗಳು ರೊಟ್ಟಿ ತಿನ್ನುತ್ತಿದ್ದಾನೋ ಎಂದು ಇಲ್ಲಿ ಕೂತು ಮರುಗುವುದು ಅವಳಿಗೆ ಸಾಕುಸಾಕಾಗಿತ್ತು. ಆದರೆ ಮಗಳನ್ನು ಮದುವೆ ಮಾಡಿಕೊಟ್ಟ ಮೇಲೆ “ನಂಗ ಗಂಡನ ಜೋಡಿ ಇರಬೇಕು” ಎಂದು ಬಾಯಿಬಿಟ್ಟರೆ ಓಣಿಯ ಹೆಂಗಸರು ನಕ್ಕು ಸಾಯುತ್ತಾರೆ. ಅದಕ್ಕೆ ಅವಳು ಆ ಮಾತನ್ನು ಹಾಲು ಹಿಂಡುವಾಗ ಎಮ್ಮೆಗಳ ಮುಂದೆ ಮಾತ್ರ ಆಡುತ್ತಿದ್ದಳು. ಅವು ಚಾಡಿ ಹೇಳುವ ಜಾತಿಯಲ್ಲ.

ಎಂಬತ್ತೇಳರ ದೀಪಾವಳಿ ಮುಗಿದ ಮೇಲೆ ಒಂದು ಮುಂಜಾನೆ ತವನಪ್ಪ ಚಹಕ್ಕೆ ಬಂದ. ತವನಪ್ಪ ಬಾಬಾಸಾಹೇಬನ ಬಾಲ್ಯದ ಗೆಳೆಯ, ಜೈನರ ಓಣಿಯವನು, ದ್ರಾಕ್ಷಿ ತೋಟವೂ ಟ್ರ್ಯಾಕ್ಟರೂ ಇದ್ದವನು. ಬಂದವನೇ ಹೇಳಿದ:

“ಬಾಬಾ, ಹಿಂಗ ಆಮಿ ಹಂಗ ತೆವಳಿಕೋತ ಎಷ್ಟ ವರ್ಷ ತಿರಗತಿ? ಒಂದು ಹಳೇ ಲಾರಿ ತಗೋ. ಅದರ ಹಿಂದ ತಗ್ಗಿಂದೊಂದು ಟ್ರೇಲರ್ ಹಚ್ಚು. ಚೈನ್ ಗಾಡಿ ಅದರ ಮ್ಯಾಲೆ ಹತ್ತಿ ಕುಂತ್ರ ಇವತ್ತ ರಾಯಬಾಗ, ನಾಳೆ ಅಥಣಿ.”

“ಲಾರಿ ಮ್ಯಾಲೇ ಹಾಕಿದ್ರ ಆಗೂದಿಲ್ಲೇನು?”

“ಅಷ್ಟ ಎತ್ತರಕ್ಕ ಹತ್ತಸೂವಾಗ ಹಿಂದಕ ಬಿತ್ತಂದ್ರ ಗಾಡೀನೂ ಹೋತು, ನೀನೂ ಹೋದಿ. ಟ್ರೇಲರ್ ಬೇಕ.”

ಒಳಗೆ ಚಹ ಸೋಸುತ್ತಿದ್ದ ಗೌರಾಬಾಯಿಯ ಕೈ ನಿಂತಿತು. ಲಾರಿಗೆ ಕ್ಯಾಬಿನ್ ಇರುತ್ತದೆ. ಕ್ಯಾಬಿನ್ನಿನಲ್ಲಿ ಡ್ರೈವರನ ಪಕ್ಕ ಸೀಟು ಇರುತ್ತದೆ. ಹಿಂದೆ ಮಲಗಲು ಹಲಗೆಯೂ ಇರುತ್ತದೆ ಎಂದು ಅವಳು ಕೇಳಿದ್ದಳು. ಚಹ ತಂದು ಇಟ್ಟು, ಮೈಯೊಳಗಿನ ಖುಷಿ ಮುಖಕ್ಕೆ ಬರದ ಹಾಗೆ ಸೆರಗು ಸರಿ ಮಾಡಿಕೊಂಡು, “ಲಾರಿ ನೋಡಾಕ ನಾನೂ ಬರ್ತೀನ್ರಿ” ಅಂದಳು.

“ಅದೇನ್ ಎಮ್ಮಿ ಅಂತ ತಿಳದಿಯೇನು?” ಎಂದು ಬಾಬಾಸಾಹೇಬ ನಕ್ಕ.

“ಬರ್ಲಿ ಬಿಡೋ” ಅಂದ ತವನಪ್ಪ. ಗೆಳೆಯನ ಹೆಂಡತಿ ಅವನಿಗೆ ವೈನಿ, ಅಂದರೆ ಅತ್ತಿಗೆ. “ವೈನಿ ಕೈಗುಣ ಚಲೋ ಐತಿ. ನನಗ ಆರಿಸಿಕೊಟ್ಟ ಎಮ್ಮಿ ಇನ್ನೂ ಎರಡೂ ಹೊತ್ತು ಹಿಂಡತೈತಿ.”

ಹೊರಡುವ ದಿನ ಗೌರಾಬಾಯಿ ಎಮ್ಮೆಯ ಹಗ್ಗ ಬಿಚ್ಚಿ ಚೈನ್ ಗಾಡಿಗೆ ಅಳತೆ ಹಿಡಿದಳು. ಅಗಲಕ್ಕೊಂದು ಗಂಟು, ಉದ್ದಕ್ಕೊಂದು ಗಂಟು ಹಾಕಿ ಹಗ್ಗವನ್ನು ಚೀಲದಲ್ಲಿ ತುರುಕಿಕೊಂಡಳು. ಅತ್ತೆ ದುಂಡವ್ವ ಕಟ್ಟೆಯ ಮೇಲೆ ಎಲೆಗೆ ಸುಣ್ಣ ಹಚ್ಚುತ್ತ ಇದನ್ನು ನೋಡಿ, “ಎಮ್ಮಿ ಏನ್ ನಿನ್ನ ಮಾತಿನ ಮ್ಯಾಲೆ ನಿಲ್ಲತೈತೇನ?” ಎಂದು ಬೈದಳು. ಎಮ್ಮೆ ಅಷ್ಟರಲ್ಲೇ ನೆರೆಮನೆಯ ಮೇವಿನ ಬಣವೆಗೆ ಬಾಯಿ ಹಾಕಿತ್ತು.

ನಿಪ್ಪಾಣಿಯಲ್ಲಿ ಹೆದ್ದಾರಿಗೆ ಹತ್ತಿಕೊಂಡು ಮುರಗೆಪ್ಪನೆಂಬ ದಲ್ಲಾಳಿಯ ಅಂಗಳವಿತ್ತು. ತಂಬಾಕಿನ ಘಾಟು ತುಂಬಿದ ಗಾಳಿಯಲ್ಲಿ ಹಳೆಯ ಲಾರಿಗಳು ಸಾಲಾಗಿ ನಿಂತಿದ್ದವು. ಮುರಗೆಪ್ಪ ಒಂದೇ ಉಸಿರಿನಲ್ಲಿ ಕನ್ನಡ, ಮರಾಠಿ, ಹಿಂದಿ ಮೂರನ್ನೂ ಬೆರೆಸಿ ಮಾತಾಡುವ ಮನುಷ್ಯ. “ಯಾ, ಯಾ, ಬರ್ರಿ ಮಾಲಕರ” ಎನ್ನುತ್ತ ನೆಟ್ಟಗೆ ಒಂದು ಹಸಿರು ಲಾರಿಯ ಮುಂದೆ ತಂದು ನಿಲ್ಲಿಸಿದ. ಹೊಸ ಬಣ್ಣ, ಬಾಗಿಲಿಗೆ ನವಿಲಿನ ಚಿತ್ರ, ಒಳಗೆ ಕೆಂಪು ಗೊಂಡೆ. ಕೀಲಿ ತಿರುವಿದರೆ ಎಂಜಿನ್ ಕೂಡಲೇ ಶುರುವಾಯಿತು. ಬಾಬಾಸಾಹೇಬ ಬಾಯಗಲಿಸಿ ನಿಂತ.

ಗೌರಾಬಾಯಿ ಎಂಜಿನ್ನಿನ ಮುಚ್ಚಳಕ್ಕೆ ಅಂಗೈ ಇಟ್ಟು ತಟ್ಟನೆ ಹಿಂದೆಗೆದಳು.

“ಈಗ ಚಾಲೂ ಮಾಡಿದ್ದು, ಇಷ್ಟ ಬಿಸಿ ಹೆಂಗಾತ್ರಿ?”

“ಬಿಸಿಲಿಗೆ ನಿಂತೈತಿ ಅಕ್ಕಾರ” ಅಂದ ಮುರಗೆಪ್ಪ.

“ಬಾಜೂಕ ನಿಂತದ್ದೂ ಬಿಸಲಾಗ ಐತಿ. ಅದು ತಣ್ಣಗೈತಲ್ರಿ.” ಗಂಡನ ಕಡೆ ತಿರುಗಿ ಮೆಲ್ಲಗೆ ಹೇಳಿದಳು: “ನಾವು ಬರೂಕಿಂತ ಮೊದಲ ಕಾಸಿ ಇಟ್ಟಾರ. ಹಾಲ ಹಿಂಡದ ಕೆಚ್ಚಲಾ ಉಬ್ಬಿಸಿ ಸಂತಿಗೆ ತರ್ತಾರಲ್ಲ, ಹಂಗ. ತಣ್ಣಗಾದ ಮ್ಯಾಲೆ ಚಾಲೂ ಮಾಡಸ್ರಿ.”

ಚಹ ಕುಡಿದು, ಬಸ್ ನಿಲ್ದಾಣದ ತನಕ ಅಡ್ಡಾಡಿ ಬಂದ ಮೇಲೆ ಹಸಿರು ಲಾರಿ ಕೆಮ್ಮಿತು, ಉಗುಳಿತು, ಆಮೇಲೆ ಸುಮ್ಮನಾಯಿತು. ಅಂಗಳದ ಆಳುಗಳು ಹಿಂದಿನಿಂದ ತಳ್ಳತೊಡಗಿದಾಗ ತವನಪ್ಪ ಮುಖ ತಿರುಗಿಸಿ ಕೆಮ್ಮಿದ ಹಾಗೆ ಮಾಡಿ ನಕ್ಕ. ಮುರಗೆಪ್ಪ ಮಾತ್ರ ಬೇಜಾರು ಮಾಡಿಕೊಳ್ಳಲಿಲ್ಲ, ಅವನ ದಂಧೆಯಲ್ಲಿ ಇದೆಲ್ಲ ನಡೆಯುವಂಥದ್ದೇ.

ಎರಡನೆಯದು ಕೆಂಪು ಲಾರಿ. ಅದು ಗೌರಾಬಾಯಿಗೆ ಕಂಡ ಕೂಡಲೇ ಹಿಡಿಸಿತು. ಕ್ಯಾಬಿನ್ನಿಗೆ ಎರಡೂ ಕಡೆ ಕಿಟಕಿ, ಕಿಟಕಿಗೆ ಪರದೆ, ಸೀಟಿಗೆ ಮೆತ್ತನೆಯ ಗಾದಿ. “ಇದ ಇರ್ಲಿ” ಎಂದು ಅವಳು ತೀರ್ಮಾನ ಕೊಟ್ಟೇಬಿಟ್ಟಿದ್ದಳು. ತವನಪ್ಪ ಲುಂಗಿ ಎತ್ತಿಕಟ್ಟಿ ಲಾರಿಯ ಅಡಿಗೆ ನುಸುಳಿದವನು ಮಣ್ಣು ಮೆತ್ತಿದ ಬೆನ್ನಿನೊಂದಿಗೆ ಹೊರಬಂದು ತಲೆಯಾಡಿಸಿದ. “ಅಡಿಗಿನ ಚೌಕಟ್ಟು, ಚಾಸಿ ಮುರದೈತಿ ವೈನಿ. ಬೆಸಗಿ ಹಾಕಿ ಮ್ಯಾಲೆ ಡಾಂಬರ ಬಳದಾರ. ಹಿಂದ ಟ್ರೇಲರ್ ಜಗ್ಗಿದ್ರ ಮುಂದಿಂದು ಮುಂದ ಹೊಕ್ಕೈತಿ, ಹಿಂದಿಂದು ಹಿಂದ ಉಳೀತೈತಿ.” ಪರದೆಯ ಆಸೆ ಬಿಟ್ಟು ಗೌರಾಬಾಯಿ ಮುಂದೆ ನಡೆದಳು. ಬೇಜಾರಾಯಿತು ಅವಳಿಗೆ, ಆಗದೆ ಏನು.

ಮೂರನೆಯದು ಸಾಲಿನ ಕೊನೆಯಲ್ಲಿ ನಿಂತಿತ್ತು. ವರ್ಷಗಟ್ಟಲೆ ತಂಬಾಕು ಹೊತ್ತ ಲಾರಿ. ಬಣ್ಣ ಯಾವುದೆಂದು ಹೇಳುವ ಹಾಗಿರಲಿಲ್ಲ. ಆದರೆ ತಣ್ಣಗಿದ್ದಾಗಲೇ ಶುರುವಾಯಿತು. ಬಾಬಾಸಾಹೇಬ ಕಣ್ಣು ಮುಚ್ಚಿ, ತಲೆ ವಾರೆ ಮಾಡಿ ಎಂಜಿನ್ನಿನ ಸದ್ದು ಕೇಳಿದ. ಎಂಜಿನ್ನಿನ ಸದ್ದಿನಲ್ಲಿ ಅವನನ್ನು ಯಾರೂ ಮೋಸ ಮಾಡುವ ಹಾಗಿರಲಿಲ್ಲ. ಎಣ್ಣೆ ಹಾಕುವ ಬಾಯಿಯ ಮುಚ್ಚಳ ತೆಗೆಸಿ ಹೊಗೆ ಬರುತ್ತದೋ ಎಂದು ನೋಡಿದ, ಕಡ್ಡಿ ಎಳೆದು ಎಣ್ಣೆಯನ್ನು ಎರಡು ಬೆರಳ ನಡುವೆ ತಿಕ್ಕಿದ. “ಒಳಗ ಗಟ್ಟಿ ಐತಿ” ಅಂದ. ತವನಪ್ಪ ಅಡಿಗೆ ಹೋಗಿ ಬಂದು, “ಚಾಸಿ ಏಕದಮ್ ಸಾಬೂತ ಐತಿ. ಸ್ಪ್ರಿಂಗ್ ಪಾಟಾದಾಗ ಒಂದು ಎಲಿ ಮುರದೈತಿ, ಅದನ್ನ ಬದಲಿ ಮಾಡಿಸಿದ್ರಾತು” ಅಂದ.

ಗೌರಾಬಾಯಿ ಆ ಹೊತ್ತಿಗೆ ಕ್ಯಾಬಿನ್ ಹತ್ತಿಯಾಗಿತ್ತು. ನಿಪ್ಪಾಣಿಯ ಬಡಿಗರು ಕಟ್ಟಿದ ಮರದ ಕ್ಯಾಬಿನ್ ಅದು, ಊರ ಪಡಸಾಲೆಯಷ್ಟು ಅಗಲ. ಡ್ರೈವರನ ಪಕ್ಕದ ಸೀಟಿನಲ್ಲಿ ಕೂತು ನೋಡಿದಳು. ಕಾಲಿನ ಕೆಳಗೆ ಸ್ಟೋವ್ ಇಡಲು ಜಾಗವಿತ್ತು. ಹಿಂದಿನ ಹಲಗೆಯ ಮೇಲೆ ಹಗ್ಗ ಹಿಡಿದಳು. ಅಷ್ಟಕ್ಕೆ ಸಮಾಧಾನವಾಗದೆ ಚಪ್ಪಲಿ ಬಿಟ್ಟು ಹತ್ತಿ, ಹಲಗೆಯ ಮೇಲೆ ಉದ್ದಕ್ಕೆ ಮಲಗಿ, ಕಾಲು ಚಾಚಿ, ಒಮ್ಮೆ ಆ ಮಗ್ಗುಲು, ಒಮ್ಮೆ ಈ ಮಗ್ಗುಲು ಹೊರಳಿ ನೋಡಿದಳು. ಕೆಳಗೆ ನಿಂತ ಮೂವರು ಗಂಡಸರೂ ಎತ್ತ ನೋಡಬೇಕೆಂದು ತಿಳಿಯದೆ ಆಕಾಶ ನೋಡಿದರು.

“ಅಕ್ಕಾರು ಲಾರಿ ತಗೋಳಾಕ ಬಂದಾರೋ, ಬಾಡಿಗಿ ಮನಿ ಹುಡಕಾಕ ಬಂದಾರೋ” ಅಂದ ಮುರಗೆಪ್ಪ.

“ಇಬ್ಬರಿಗೆ ಸಾಲತೈತಿ” ಎಂದು ಒಳಗಿನಿಂದ ಗೌರಾಬಾಯಿಯ ದನಿ ಬಂತು.

ತನಗೂ ಮುಂದೆ ಇಟ್ಟುಕೊಳ್ಳಬೇಕಾದ ಕ್ಲೀನರ್ ಹುಡುಗನಿಗೂ ಜಾಗ ನೋಡುತ್ತಿದ್ದಾಳೆಂದು ಬಾಬಾಸಾಹೇಬ ತಿಳಿದುಕೊಂಡ. ಹೆಂಡತಿಗೆ ತನ್ನ ಮೇಲೆ ಎಷ್ಟು ಕಾಳಜಿ ಎಂದು ಹೆಮ್ಮೆಯೂ ಪಟ್ಟ. ಗಂಡಸರ ಬುದ್ಧಿ ಇಷ್ಟೇ ನೋಡಿ.

ಟ್ರೇಲರ್ ಆರಿಸುವುದು ಬೇಗ ಮುಗಿಯಿತು. ಅಂಗಳದಲ್ಲಿ ತಗ್ಗಿನ ಟ್ರೇಲರುಗಳು ಎರಡೇ ಇದ್ದವು. ಒಂದು ಹೊಸ ಹಲಗೆಯದು, ಚೆಲುವಾಗಿತ್ತು, ಆದರೆ ಹಗ್ಗ ಹಿಡಿದರೆ ಅಗಲದ ಗಂಟು ಹೊರಗೆ ಜೋತಾಡಿತು. ಇನ್ನೊಂದು ತುಕ್ಕು ಹಿಡಿದಿದ್ದರೂ ಅಗಲಕ್ಕೆ ಸರಿಯಿತ್ತು, ಅದರ ಮೂತಿ ಲಾರಿಯ ಕೊಂಡಿಗೆ ಸಮನಾಗಿ ಕೂತಿತು, ಗಾಡಿ ಹತ್ತಿಸುವ ಕಬ್ಬಿಣದ ಹಲಗೆಗಳೂ ಜೊತೆಗಿದ್ದವು. “ಇದಕ್ಕ ತನ್ನದ ಬ್ರೇಕ್ ಐತೇನು?” ಎಂದು ತವನಪ್ಪ ಕೇಳಿದ. ಇಲ್ಲದಿದ್ದರೆ ಚಿಕ್ಕೋಡಿ ದಾರಿಯ ಇಳಿಜಾರಿನಲ್ಲಿ ಹಿಂದಿನ ಭಾರ ಮುಂದಿನ ಲಾರಿಯನ್ನೇ ತಳ್ಳಿಕೊಂಡು ಹೋಗುತ್ತದೆ. ಬ್ರೇಕ್ ಇತ್ತು. ಮಾತು ಮುಗಿಯಿತು. ಮುರಗೆಪ್ಪ ಬಾಬಾಸಾಹೇಬನ ಕೈ ಹಿಡಿದು ದನದ ಸಂತೆಯ ಹಾಗೆ ಅದರ ಮೇಲೆ ಹೆಗಲಿನ ವಲ್ಲಿ ಹಾಸಿದ, ಒಳಗೆ ಬೆರಳುಗಳು ತಮ್ಮಷ್ಟಕ್ಕೆ ಚೌಕಾಸಿ ಮಾಡಿದವು, ಇಬ್ಬರೂ ನಕ್ಕರು.

“ಹತ್ರಿ ಮಾಲಕರ, ಒಂದು ಸುತ್ತ ಹಾಕಿ ಬರ್ರಿ” ಎಂದು ಮುರಗೆಪ್ಪ ಕೀಲಿ ಕೊಟ್ಟ.

ಬಾಬಾಸಾಹೇಬ ಮೀಸೆ ತೀಡಿಕೊಂಡು ಹತ್ತಿ ಕೂತ. ಲಾರಿ ನಡೆಸುವ ಲೈಸೆನ್ಸು ಅವನ ಹತ್ತಿರ ಎಂದೋ ಇತ್ತು, ಯಾವನೋ ಏಜೆಂಟ ಮನೆಗೇ ತಂದು ಕೊಟ್ಟದ್ದು. ಮೂರು ತಾಲ್ಲೂಕು ಡ್ರೈವರ್ ಎಂದು ಕರೆಯುವ ಮನುಷ್ಯನಿಗೆ ಲಾರಿ ಬರುತ್ತದೋ ಇಲ್ಲವೋ ಎಂದು ಕೇಳುವುದು ತವನಪ್ಪನಿಗೂ ಹೊಳೆದಿರಲಿಲ್ಲ, ಗೌರಾಬಾಯಿಗೂ ಹೊಳೆದಿರಲಿಲ್ಲ. ಇನ್ನೂ ಹೇಳಬೇಕೆಂದರೆ, ಬಾಬಾಸಾಹೇಬನಿಗೇ ಹೊಳೆದಿರಲಿಲ್ಲ.

ಚೈನ್ ಗಾಡಿಗೆ ಸ್ಟೇರಿಂಗು ಇರುವುದಿಲ್ಲ. ಎರಡು ಕೋಲುಗಳಿರುತ್ತವೆ. ಎಡದ ಕೋಲು ಎಳೆದರೆ ಎಡಕ್ಕೆ, ಬಲದ ಕೋಲು ಎಳೆದರೆ ಬಲಕ್ಕೆ, ಎರಡೂ ಎಳೆದರೆ ನಿಂತಿತು. ಬಾಬಾಸಾಹೇಬ ಹರೆಯದಿಂದ ಓಡಿಸಿದ್ದು ಅದೊಂದನ್ನೇ.

ಲಾರಿ ಹೊರಟಿತು. ಹೊರಟದ್ದು ನೆಟ್ಟಗೆ ಮುರಗೆಪ್ಪನ ಟೈರಿನ ರಾಶಿಯ ಕಡೆಗೆ. ಬಾಬಾಸಾಹೇಬ ಬಲಕ್ಕೆ ಹೋಗಲೆಂದು ಸ್ಟೇರಿಂಗಿನ ಬಲಗಡೆಯನ್ನು ಎದೆಗೆ ಜಗ್ಗಿದ. ಅದು ಬರಲಿಲ್ಲ. ಎರಡೂ ಕೈಯಿಂದ ಜಗ್ಗಿ ಹಿಂದಕ್ಕೆ ಒರಗಿದ, ಬಾವಿಯಿಂದ ನೀರು ಸೇದುವವನ ಹಾಗೆ. ಲಾರಿ ಟೈರಿನ ರಾಶಿಗೆ ಮೂತಿ ಹಾಕಿ, ರಾಶಿಯನ್ನು ಅಂಗಳದ ತುಂಬ ಉರುಳಿಸಿ, ಬಂದ್ ಆಯಿತು. ಒಂದು ಟೈರು ಹೆದ್ದಾರಿಯ ತನಕ ಉರುಳಿ ಹೋಯಿತು. ಅಂಗಳದ ಆಳುಗಳು ಹೊಟ್ಟೆ ಹಿಡಿದುಕೊಂಡು ಕೂತರು. ಬಾಬಾಸಾಹೇಬ ಇಳಿದಾಗ ಅವನ ಕಿವಿಗಳು ಕೆಂಪಗಾಗಿದ್ದವು.

ಲಾರಿಯನ್ನು ಜುಗೂಳಕ್ಕೆ ತಂದದ್ದು ಮುರಗೆಪ್ಪನ ಡ್ರೈವರ್. ಚಿಕ್ಕೋಡಿ ದಾಟಿ, ಹೊಳೆಯ ಸೇತುವೆ ದಾಟಿ ಬರುವ ತನಕ ಬಾಬಾಸಾಹೇಬ ಅವನ ಕೈಗಳನ್ನೇ ನೋಡುತ್ತ ಕೂತ. ಮನೆ ಮುಟ್ಟಿ ಕೈಕಾಲು ತೊಳೆದು ಕೂತವನೇ ಹೇಳಿದ:

“ಒಬ್ಬ ಡ್ರೈವರ್‌ನ ಹಚ್ಚೂನು. ಅಂವ ಲಾರಿ ಓಡಸ್ತಾನ, ನಾ ನಂದು ಓಡಸ್ತೀನಿ. ಅಂವಗೊಬ್ಬ ಕ್ಲೀನರ್. ಮುಗೀತು.”

ಗೌರಾಬಾಯಿಗೆ ತಾನು ಮಲಗಿ ನೋಡಿದ ಹಲಗೆಯ ಮೇಲೆ ಯಾರೋ ಇಬ್ಬರು ಗಂಡಸರು ಗೊರಕೆ ಹೊಡೆಯುವುದು ಕಣ್ಣಿಗೆ ಕಟ್ಟಿತು. ಮುಂದೆ ಅತ್ತೆ ಕೂತಿದ್ದಾಳೆ ಎನ್ನುವುದೂ ಅವಳಿಗೆ ನೆನಪಾಗಲಿಲ್ಲ.

“ಹಂಗಾರ ನಾ ಎಲ್ಲಿ ಕೂಡ್ಲಿ?” ಅಂದಳು.

“ನೀ ಎಲ್ಲಿಗ ಹೊಂಟಿ?”

“ನೀವು ಹೋದಲ್ಲಿಗೆ.”

ಬಾಬಾಸಾಹೇಬ ತಂಬಿಗೆ ಕೆಳಗಿಟ್ಟ. ಗೌರಾಬಾಯಿಯ ಬಾಯಿ ಒಮ್ಮೆ ತೆರೆದದ್ದು ಮತ್ತೆ ಮುಚ್ಚಲಿಲ್ಲ. “ಮಳಿಗಾಲಕ್ಕ ಗಂಡನ ಮಾರಿ ನೋಡೂದು, ಉಳದ ತಿಂಗಳೆಲ್ಲಾ ಎಮ್ಮಿ ಮಾರಿ ನೋಡೂದು. ನಂಗ ಸಾಕಾಗೈತಿ. ಲಾರಿ ನೋಡಾಕ ಬಂದದ್ದು ನಾ ಅದಕ್ಕ. ನಾಕ್ ಮಂದಿ ಮುಂದ ಮಾನ ಬಿಟ್ಟು ಆ ಹಲಗಿ ಮ್ಯಾಲೆ ಮಲಗಿ ನೋಡಿದ್ದೂ ಅದಕ್ಕ. ಡ್ರೈವರ್ ಬರೂದಾದ್ರ ಲಾರೀನ ತಿರಗಿ ಕಳಸ್ರಿ.”

ಮೈದುನನ ಹೆಂಡತಿ ಒಳಗಿನಿಂದ ಇಣುಕಿ ಬಾಯಿಗೆ ಸೆರಗು ಒತ್ತಿಕೊಂಡಳು. ಆಡಿಬಿಟ್ಟ ಮಾತು ಈಗ ಗೌರಾಬಾಯಿಗೇ ಕೇಳಿಸಿ, ನಾಚಿಕೆಯಿಂದ ಮೈಯೆಲ್ಲ ಬಿಸಿಯಾಯಿತು. ಅತ್ತೆ ಈಗ ಏನೆಂದಾಳೋ ಎಂದು ತಲೆ ಬಗ್ಗಿಸಿ ಕೂತಳು.

ದುಂಡವ್ವ ಎಲೆಯನ್ನು ಬಾಯಿಗಿಟ್ಟು ನಿಧಾನಕ್ಕೆ ಅಗಿದಳು. ಆಮೇಲೆ ಮಗನ ಕಡೆ ನೋಡಿದಳು.

“ನಿಮ್ಮಪ್ಪ ಬೆಲ್ಲದ ಬಂಡಿ ಹೂಡಿಕೊಂಡು ಸಾಂಗ್ಲಿ ಪ್ಯಾಟಿಗೆ ಹೋಗತಿದ್ದ. ಹೋದ್ರ ಲಗೂನ ಬರ್ತಿರಲಿಲ್ಲ. ಸಾಂಗ್ಲಿ ಹೆಂಗ ಐತಿ ಅಂತ ನಾ ಇನ್ನೂ ನೋಡಿಲ್ಲ. ಅಂವ ಕರೀಲಿಲ್ಲ, ನಾನೂ ಕೇಳಲಿಲ್ಲ. ಈಕಿ ಬಾಯಿ ಬಿಟ್ಟು ಕೇಳ್ಯಾಳ. ಲಾರಿ ಹೊಡ್ಯಾಕ ಕಲಿ ಹೋಗು.”

“ಈ ವಯಸ್ಸಿನಾಗ ಕಲಿಯೂದಂದ್ರ ಮಂದಿ ನಗತಾರ, ಅವ್ವಾ.”

“ನಗಲಿ. ನಕ್ಕವ್ರ ಏನ್ ನಿನ್ನ ರೊಟ್ಟಿ ಬಡೀತಾರೇನು?”

ಬಾಬಾಸಾಹೇಬ ಹೊರಗೆ ಹೋಗಿ ಲಾರಿಯ ಸುತ್ತ ತಿರುಗಾಡಿದ. ಮೂರು ತಾಲ್ಲೂಕಿನ ಹೆಸರು ಒಂದು ಕಡೆ, ಒಳಗೆ ತಲೆ ಬಗ್ಗಿಸಿ ಕೂತವಳು ಇನ್ನೊಂದು ಕಡೆ. ಮರುದಿನ ಬೆಳಕು ಹರಿದಾಗ ಅವನು ತವನಪ್ಪನ ಬಾಗಿಲಲ್ಲಿ ನಿಂತಿದ್ದ.

ತವನಪ್ಪನ ಭಾಗ್ಯದ ದಿನಗಳು ಅವು. ಅವನ ಟ್ರ್ಯಾಕ್ಟರನ್ನು ಬಾಬಾಸಾಹೇಬ ಮೊದಲಿನಿಂದಲೂ “ಹುಡುಗರ ಆಟಿಗಿ ಸಾಮಾನು” ಎಂದು ಹಂಗಿಸುತ್ತ ಬಂದಿದ್ದ. ಈಗ ಅದಕ್ಕೆಲ್ಲ ಬಡ್ಡಿ ಸಮೇತ ತೀರಿಸಿಕೊಳ್ಳುವ ಕಾಲ ಬಂತು. ಬಾಬಾಸಾಹೇಬನೇ ಸಪಾಟು ಮಾಡಿಕೊಟ್ಟಿದ್ದ ತನ್ನ ಬೀಳು ಹೊಲದಲ್ಲಿ ತವನಪ್ಪ ಮೊದಲು ಟ್ರ್ಯಾಕ್ಟರ್ ಮೇಲೆ, ಆಮೇಲೆ ಲಾರಿಯ ಮೇಲೆ ಪಾಠ ಶುರು ಮಾಡಿದ. “ಜಗ್ಗಬ್ಯಾಡಲೇ, ತಿರುವು. ಅದೇನ್ ಎಮ್ಮಿ ಮೂಗದಾರಲ್ಲ.” ಬದುವಿನ ಮೇಲೆ ಊರೇ ಬಂದು ಕೂರುತ್ತಿತ್ತು. ಶೇಂಗಾ ಹುರಿದು ತಂದು ತಿನ್ನುವವರೂ ಇದ್ದರು. ತವನಪ್ಪ ಜೈನ, ಹೊತ್ತು ಮುಳುಗುವ ಮೊದಲು ಗುರುಗಳ ಊಟವಾಗಬೇಕಿತ್ತು, ಅದಕ್ಕೆ ಬಿಸಿಲು ಇಳಿಯುತ್ತಿದ್ದ ಹಾಗೆ ಪಾಠ ಮುಗಿಯುತ್ತಿತ್ತು. ಇಲ್ಲದಿದ್ದರೆ ಶಿಷ್ಯನ ಗತಿ ಕಷ್ಟವಿತ್ತು.

ಮುಂದಕ್ಕೆ ಓಡಿಸುವುದು ಬಂತು. ಗೇರೂ ಬಂತು. ಬಾರದೇ ಸತಾಯಿಸಿದ್ದು ಟ್ರೇಲರ್ ಕಟ್ಟಿ ಹಿಂದಕ್ಕೆ ತಗೊಳ್ಳುವುದು. ಸ್ಟೇರಿಂಗು ಎಡಕ್ಕೆ ತಿರುವಿದರೆ ಟ್ರೇಲರ್ ಬಲಕ್ಕೆ ಹೋಗುತ್ತಿತ್ತು, ಗಾಬರಿಯಾಗಿ ಇನ್ನೂ ತಿರುವಿದರೆ ಲಾರಿ ಟ್ರೇಲರ್ ಎರಡೂ ಮಡಚಿ ಒಂದರ ಮುಖ ಒಂದು ನೋಡುತ್ತಿದ್ದವು. ಹೊಲದಲ್ಲಿ ಟ್ರೇಲರನ್ನು ಹಿಂದಕ್ಕೆ ಹಚ್ಚಿ ನಿಲ್ಲಿಸಲು ಬಾರದಿದ್ದರೆ ಎಲ್ಲವೂ ದಂಡ. ಒಂದು ಸಂಜೆ ಬಾಬಾಸಾಹೇಬ ಕೀಲಿ ಎಸೆದು ಇಳಿದುಬಿಟ್ಟ. “ಇದು ನನ್ನಿಂದ ಆಗೂದಲ್ಲ. ಡ್ರೈವರ್‌ನ ಹಚ್ಚತೀನಿ.”

ಗೌರಾಬಾಯಿ ಬದುವಿನಿಂದ ಎದ್ದು ಬಂದಳು. ಕೀಲಿ ಎತ್ತಿ ಸೆರಗಿನಿಂದ ಒರೆಸಿ ಅವನ ಕೈಗೆ ಕೊಟ್ಟಳು. ಟ್ರೇಲರಿನ ಹಿಂದೆ, ದೂರದಲ್ಲಿ, ಅವನ ಕನ್ನಡಿಗೆ ಕಾಣುವ ಹಾಗೆ ನಿಂತಳು.

“ಟ್ರೇಲರ್ ನೋಡಬ್ಯಾಡ್ರಿ. ಸ್ಟೇರಿಂಗೂ ನೋಡಬ್ಯಾಡ್ರಿ. ನನ್ನ ನೋಡ್ಕೋತ ಬರ್ರಿ. ನಾ ಕನ್ನಡ್ಯಾಗಿಂದ ಸರದ್ರ ಅಷ್ಟ ಒಂದೀಟ ತಿರುವಿ ಮತ್ತ ನನ್ನ ಹಿಡೀರಿ.”

ಬದುವಿನ ಮೇಲಿನವರು ಶೇಂಗಾ ತಿನ್ನುವುದು ಬಿಟ್ಟರು. ಲಾರಿ ಗುರುಗುಟ್ಟಿ ಹಿಂದಕ್ಕೆ ಸರಿಯಿತು. ಸ್ವಲ್ಪ ಆಚೆ ವಾಲಿತು, ಸ್ವಲ್ಪ ಈಚೆ ವಾಲಿತು, ಮತ್ತೆ ನೆಟ್ಟಗಾಯಿತು. ಕನ್ನಡಿಯೊಳಗೆ ಹೆಂಡತಿಯ ಮುಖವನ್ನು ಹಿಡಿದುಕೊಂಡು ಬಾಬಾಸಾಹೇಬ ಹೊಲದ ಆ ತುದಿಯಿಂದ ಈ ತುದಿಯ ತನಕ ಬಂದ. ಅವಳು ಕೈ ಎತ್ತಿದಾಗ ನಿಲ್ಲಿಸಿದ. ತವನಪ್ಪ ಊಟಕ್ಕೆ ತಡವಾದದ್ದನ್ನೂ ಮರೆತು ತಲೆಯ ಟೊಪ್ಪಿಗೆ ತೆಗೆದು ಮೇಲಕ್ಕೆ ಎಸೆದ. “ನನ್ನ ಪಾಠ ಮುಗೀತು” ಅಂದ. “ಇನ್ನ ಮುಂದಿನ ಗುರು ವೈನಿ.”

ಆಮೇಲಿನ ಎಂಟು ಹತ್ತು ವರ್ಷ ಆ ಲಾರಿ ಹೋಗದ ಊರಿಲ್ಲ. ತೊಂಬತ್ತರ ನಂತರ ಬಂದ ಹೊಸ ಯಂತ್ರಗಳ ನಡುವೆಯೂ ರೈತರು ಬಾಬಾಸಾಹೇಬನನ್ನೇ ಕರೆಯುತ್ತಿದ್ದರು, ಯಾಕೆಂದರೆ ಅವನ ಜೊತೆ ಗೌರಾಬಾಯಿ ಬರುತ್ತಿದ್ದಳು. ಅವನು ಹೊಲ ಸಪಾಟು ಮಾಡುತ್ತಿದ್ದರೆ ಅವಳು ಆ ಮನೆಯ ಕೊಟ್ಟಿಗೆ ಹೊಕ್ಕು ಎಮ್ಮೆಗಳ ಗುಣದೋಷ ಹೇಳುತ್ತಿದ್ದಳು. ಅಥಣಿ ಕಡೆಯ ಹೆಂಗಸರು ಅವಳಿಗೆಂದೇ ಶೇಂಗಾ ಹೋಳಿಗೆ ಮಾಡಿ ಇಡುತ್ತಿದ್ದರು. ಮಗಳು ಸುಂದರಾ, “ನಮ್ಮವ್ವ ಈಗ ಕೈಗೆ ಸಿಗೂದಿಲ್ಲ” ಎಂದು ಗಂಡನ ಮನೆಯವರ ಮುಂದೆ ದೂರುತ್ತಲೇ ಹಿಗ್ಗುತ್ತಿದ್ದಳು. ಒಂದು ಸಲ ಲಾರಿ ಸಾಂಗ್ಲಿಗೆ ಹೋಗುವುದಿದ್ದಾಗ ಇಬ್ಬರೂ ದುಂಡವ್ವನನ್ನು ನಡುವೆ ಕೂಡಿಸಿಕೊಂಡು ಹೋದರು. ಅವಳು ಪೇಟೆಯನ್ನೆಲ್ಲ ನೋಡಿ, “ಇಷ್ಟಕ್ಕ ಅಂವ ಅಷ್ಟ ದಿನ ಕಳೀತಿದ್ದನೇನು” ಅಂದಳು.

ಆದರೆ ಗೌರಾಬಾಯಿ ತಾನಾಗಿ ಮತ್ತೆ ಮತ್ತೆ ಹೇಳುತ್ತಿದ್ದದ್ದು ಮೊದಲ ದಿನದ ಕತೆಯನ್ನು. ಚೈನ್ ಗಾಡಿಯನ್ನು ಟ್ರೇಲರಿಗೆ ಹತ್ತಿಸಿ, ಸರಪಳಿಯಿಂದ ಬಿಗಿದು, ಸ್ಟೋವ್, ಬುತ್ತಿ, ಹಾಸಿಗೆ ಕ್ಯಾಬಿನ್ನಿಗೆ ಏರಿಸಿ ಇಬ್ಬರೂ ರಾಯಬಾಗಕ್ಕೆ ಹೊರಟಿದ್ದರು. ಓಣಿಯ ಹೆಂಗಸರು ನಗಲು ಬಂದು ನಿಂತವರು ನಗುವುದನ್ನು ಮರೆತು ಕೈ ಬೀಸಿದ್ದರು. ಕುಡಚಿಯ ಹತ್ತಿರ ಸೇತುವೆ ಬಂತು. ಅಷ್ಟು ಎತ್ತರದಲ್ಲಿ ಕೂತು ಹೊಳೆಯನ್ನು ಅವಳು ಎಂದೂ ನೋಡಿರಲಿಲ್ಲ. ಎಡಕ್ಕೂ ಬಲಕ್ಕೂ ಕುತ್ತಿಗೆ ಹೊರಳಿಸಿ ನೋಡುವವಳನ್ನು ಬಾಬಾಸಾಹೇಬ ಓರೆಗಣ್ಣಿನಿಂದ ನೋಡಿದ. ಪಾಠದ ದಿನಗಳುದ್ದಕ್ಕೂ ಕೇಳಬೇಕೆಂದುಕೊಂಡಿದ್ದನ್ನು ಆಗ ಕೇಳಿದ.

“ಲಗ್ನಾಗಿ ಇಷ್ಟ ವರ್ಷಾತು. ನಿಮ್ಮ ಜೋಡಿ ಬರ್ತೀನಿ ಅಂತ ಒಂದ ಮಾತ ಯಾಕ ಹೇಳಲಿಲ್ಲ ನೀ?”

ಗೌರಾಬಾಯಿ ಹೊಳೆಯ ಮೇಲಿನ ಕಣ್ಣು ತೆಗೆಯಲಿಲ್ಲ.

“ಹೇಳಿದ್ರ ಎಲ್ಲಿ ಕೂಡಸ್ತಿದ್ರಿ?” ಅಂದಳು. “ನಿಮ್ಮ ಚೈನ್ ಗಾಡ್ಯಾಗ ಇರೂದು ಒಂದ ಸೀಟು.”

ಬಾಬಾಸಾಹೇಬ ಸೇತುವೆ ಮುಗಿದ ಮೇಲೆ ಲಾರಿಯನ್ನು ಬದಿಗೆ ಹಾಕಿ ನಿಲ್ಲಿಸಿದ. ಏನಾಯಿತೋ ಎಂದು ಅವಳು ತಿರುಗಿ ನೋಡಿದರೆ ಅವನು ವಲ್ಲಿಯಿಂದ ಕಣ್ಣು ಒರೆಸಿಕೊಳ್ಳುತ್ತಿದ್ದ.

“ರಾಯಬಾಗ ಎಲ್ಲಿ ಓಡಿ ಹೊಕ್ಕೈತಿ, ನಾಳೆ ಮುಟ್ಟಿದ್ರೂ ನಡೀತೈತಿ” ಅಂದ. “ಇಲ್ಲೇ ಹೊಳಿ ನೋಡ್ಕೋತ ಕೂಡೂನು. ಇಬ್ಬರಿಗೂ ಚಾ ಇಡು.”